ಗಡಿಯಾರದಂಗಡಿಯ ಕೆಂಪು ಪುಟ

"ಮುಚ್ಚಬೇಡಮ್ಮಾ! ದಯವಿಟ್ಟು ಅದನ್ನ ಮುಚ್ಚಬೇಡ!"

ಗಡಿಯಾರದ ತಾತ ಕೂಗಿದ ರಭಸಕ್ಕೆ ಅವರ ಬಾಯೊಳಗಿನ ಹಲ್ಲಿನ ಸೆಟ್ಟು ಒಂದು ಸಲ ಅಲ್ಲಾಡಿತು. ನನ್ನ ಜೀವವೂ ಅಲ್ಲಾಡಿತು. ಆ ಸೆಟ್ಟು ಮಾಡಿಕೊಟ್ಟವನು ನಾನು. ಊರಿನ ದಂತವೈದ್ಯ ಕೂರಿಸಿದ ಹಲ್ಲು ನಾಲ್ಕು ಜನರೆದುರು ನೆಲಕ್ಕೆ ಬಿದ್ದರೆ ಅವನ ಮಾನ ಉಳಿಯುತ್ತದೆಯೇ?

ನನ್ನ ಹೆಂಡತಿ ಮೌಸಿನ ಮೇಲಿದ್ದ ಬೆರಳನ್ನು ಮೇಲೆತ್ತಿದಳು. ಕೆಟ್ಟ ಕಂಪ್ಯೂಟರುಗಳನ್ನು ಸರಿಮಾಡುವುದು ಅವಳ ಕೆಲಸ. ಅವುಗಳನ್ನು ಕೆಡಿಸಿದವರನ್ನು ಹುಡುಕಿ ಹಿಡಿಯುವುದು ಅವಳ ಚಟ. ಚೀಲ ಹಿಡಿದುಕೊಂಡು ಅವಳ ಹಿಂದೆ ತಿರುಗುವುದು ನನ್ನ ಹಣೆಬರಹ. ಸುಳ್ಳೇಕೆ ಹೇಳಲಿ, ನನ್ನ ಸುಖವೂ ಅದೇ.

"ತಾತ, ಇದೊಂದು ಟ್ಯಾಬ್ ಅಷ್ಟೇ," ಎಂದಳು ಅವಳು. "ಮೇಲುಗಡೆ ನೋಡಿ, ಎಷ್ಟು ತೆರೆದಿಟ್ಟಿದ್ದೀರಿ! ಒಂದೊಂದೂ ಎಳ್ಳುಕಾಳಿನಷ್ಟಾಗಿದೆ. ಯಾವುದು ಏನು ಅಂತ ದೇವರಿಗೇ ಗೊತ್ತು."

"ನನಗೂ ಗೊತ್ತು. ಕೆಲಸ ಮುಗೀದೆ ಈ ಅಂಗಡೀಲಿ ಯಾವುದನ್ನೂ ಮುಚ್ಚೋದಿಲ್ಲ."

ಮಾತು ನಿಜ. ಅಂಗಡಿಯ ಉದ್ದಕ್ಕೂ ಇರುವ ಮೇಜಿನ ಮೇಲೆ ಗಾಜಿನ ಬಟ್ಟಲುಗಳನ್ನು ಬೋರಲು ಹಾಕಿದ್ದರು. ಒಂದೊಂದು ಬಟ್ಟಲ ಕೆಳಗೂ ಹೊಟ್ಟೆ ಬಿಚ್ಚಿದ ಒಂದೊಂದು ಗಡಿಯಾರ. ಬಿಚ್ಚಿದ ಗಡಿಯಾರ ಮತ್ತೆ ಓಡುವವರೆಗೆ ಅದರ ಮುಚ್ಚಳ ಹಾಕುವಂತಿಲ್ಲ. ಹಾಕಿದರೆ ಕೆಲಸ ಮುಗಿಯಿತೆಂದು ಅರ್ಥ. ಆ ಪದ್ಧತಿಯನ್ನು ತಾತ ಬ್ರೌಸರಿಗೂ ಅನ್ವಯಿಸಿಬಿಟ್ಟಿದ್ದರು. ಬಿಡಿಭಾಗ ಹುಡುಕಲು ತೆರೆದ ಪುಟ ಆ ಬಿಡಿಭಾಗ ಸಿಗುವವರೆಗೆ ತೆರೆದೇ ಇರುತ್ತದೆ. ರಾತ್ರಿ ಕಂಪ್ಯೂಟರ್ ಆಫ್ ಮಾಡಿದರೂ ಬೆಳಿಗ್ಗೆ ಅವೆಲ್ಲ ತಾವಾಗಿ ಮತ್ತೆ ತೆರೆದುಕೊಳ್ಳುತ್ತವೆ. ಕೆಲವು ಬಿಡಿಭಾಗಗಳು ಈ ಜನ್ಮದಲ್ಲಿ ಸಿಗುವಂಥವಲ್ಲ.

ನಾವಲ್ಲಿಗೆ ಹೋದದ್ದು ಹೋದ ವಾರದ ಒಂದು ಮೇಲ್‌ನ ದೆಸೆಯಿಂದ. 'ನಿಮ್ಮ ಗಡಿಯಾರ ಸಿದ್ಧವಾಗಿದೆ, ಇಲ್ಲಿ ಒತ್ತಿ ನೋಡಿ' ಎಂದು ತಾತನ ಹೆಸರಿನಲ್ಲಿ, ತಾತನ ಖಾತೆಯಿಂದಲೇ ಗಿರಾಕಿಗಳಿಗೆಲ್ಲ ಹೋಗಿತ್ತು. ಒತ್ತಿದವರ ಕಂಪ್ಯೂಟರುಗಳಿಗೆ ಹುಚ್ಚು ಹಿಡಿದಿತ್ತು.

ನಾನೂ ಒತ್ತಿದ್ದೆ. ತಾತನ ಬಳಿ ನನ್ನ ಯಾವ ಗಡಿಯಾರವೂ ಇರಲಿಲ್ಲ, ಆದರೂ ಒತ್ತಿದೆ. ಅವತ್ತು ಒಬ್ಬರು ಬಾಯಿ ತೆರೆದು ನನ್ನ ಕುರ್ಚಿಯಲ್ಲಿ ಒರಗಿರುವಾಗ ಪರದೆಯ ಮೇಲೆ ಸೊಂಟ ಸಣ್ಣ ಮಾಡುವ ಪಟ್ಟಿಯ ಜಾಹೀರಾತು ಹಾಡು ಹೇಳುತ್ತ ಕುಣಿಯಿತು. ಅವರು ನಕ್ಕ ರಭಸಕ್ಕೆ ನನ್ನ ಬೆರಳನ್ನೇ ಕಚ್ಚಿಬಿಟ್ಟರು. ಹೆಂಡತಿ ಆ ವಿಷಯಕ್ಕೆ ಇವತ್ತಿಗೂ ನಗುತ್ತಾಳೆ.

ತಾತ ಮಾತ್ರ ನಗಲಿಲ್ಲ. ಅಂದಿನಿಂದ ನಕ್ಕೇ ಇಲ್ಲ.

ಊರ ನಡುವೆ ಒಂದು ಗಡಿಯಾರದ ಗೋಪುರವಿದೆ. ನಾವೆಲ್ಲ ಅದು ನಿಂತಿರುವುದನ್ನು ನೋಡುತ್ತಲೇ ಬೆಳೆದವರು. ತಾತ ಅದನ್ನು ರಿಪೇರಿ ಮಾಡಿ ಮುಗಿಸಿ, ಲೋಲಕಕ್ಕೆ ಕೆಂಪು ದಾರ ಕಟ್ಟಿ, ಬಾಗಿಲಿಗೆ ಬೀಗ ಹಾಕಿ ಬಂದಿದ್ದರು. ನಾಳೆ ಬೆಳಿಗ್ಗೆ ಇಡೀ ಊರಿನೆದುರು ಆ ದಾರ ಬಿಚ್ಚಿದರೆ ಗಡಿಯಾರ ಓಡಬೇಕು, ಗಂಟೆ ಮೊಳಗಬೇಕು. ಆದರೆ ಮೇಲ್ ಹೋದ ದಿನವೇ ತಾತ ಹಟ ಹಿಡಿದು ಕೂತರು. "ಪಾಸ್‌ವರ್ಡ್ ಗೊತ್ತಿರೋದು ನಮ್ಮ ಮೂವರಿಗೆ. ಕಳ್ಳ ಮನೆಯೊಳಗೇ ಇದ್ದಾನೆ. ಅವನು ಯಾರು ಅಂತ ಗೊತ್ತಾಗದೆ ನಾನು ಗೋಪುರ ಹತ್ತೋದಿಲ್ಲ."

ಮೂವರೆಂದರೆ ತಾತ, ಕೌಂಟರ್ ನೋಡಿಕೊಳ್ಳುವ ಸೊಸೆ, ಮತ್ತು ತಾತನ ತಮ್ಮ. ಈ ತಮ್ಮನನ್ನು ಊರೆಲ್ಲ ಅಲಾರಂ ಎಂದೇ ಕರೆಯುತ್ತದೆ. ಅವರು ಪಿಸುಗುಟ್ಟಿದರೂ ಬೀದಿಯ ಕೊನೆಗೆ ಕೇಳಿಸುತ್ತದೆ. ಅಣ್ಣತಮ್ಮಂದಿರ ಮೇಜುಗಳು ಒಂದಕ್ಕೊಂದು ತಾಗಿಕೊಂಡಿವೆ. ಅಲಾರಂ ಎಡಗೈಯವರಾದ್ದರಿಂದ ಅವರ ದೀಪ ಬಲಗಡೆ, ತಾತನದು ಎಡಗಡೆ. ಎರಡೂ ದೀಪಗಳು ಅಕ್ಕಪಕ್ಕದಲ್ಲಿ ನಿಂತು ಹರಟೆ ಹೊಡೆಯುವಂತೆ ಕಾಣುತ್ತವೆ. ಹರಟೆ ನಿಂತು ಒಂದು ವಾರವಾಗಿತ್ತು.

"ಸೊಸೇ, ಸಣ್ಣ ಚಿಮಟ ಕೊಡು ಅಂತ ಅವನಿಗೆ ಹೇಳು," ಎಂದರು ತಾತ.

"ಮಾವ, ಅವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ."

"ನನಗೆ ಕಾಣಿಸ್ತಾ ಇಲ್ಲ."

"ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೂ ಕಾಣದೆ ಇದ್ರೆ ಇನ್ನು ಯಾವಾಗ ಕಾಣೋದು ಅಂತ ಅವನಿಗೆ ಹೇಳಮ್ಮಾ," ಎಂದರು ಅಲಾರಂ. ಗೋಡೆಯ ಗಡಿಯಾರಗಳ ಗಾಜು ಜುಮ್ಮೆಂದಿತು.

ಸೊಸೆ ಚಿಮಟವನ್ನು ತಾನೇ ಎತ್ತಿಕೊಟ್ಟು ನನ್ನತ್ತ ನೋಡಿದಳು. ಹಲ್ಲುನೋವಿನವರು ನೋಡುವಂತೆಯೇ ನೋಡಿದಳು, ಪಾಪ.

ಅಷ್ಟರಲ್ಲಿ ನನ್ನ ಹೆಂಡತಿ "ಆಹಾ!" ಎಂದಳು. ಅವಳ ಆಹಾ ಕೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅಡುಗೆಮನೆಯಲ್ಲಿ ಅವಳು ಎಂದೂ ಆಹಾ ಎಂದವಳಲ್ಲ.

"ತಾತ, ನೀವು ಮುಚ್ಚದೆ ಇಟ್ಟಿದ್ದೇ ಒಳ್ಳೇದಾಯ್ತು. ಕಳ್ಳತನ ನಡೆದ ಕೋಣೆ ಹಾಗೇ ಉಳಿದಿದೆ. ಗುಡಿಸಿಲ್ಲ, ಸಾರಿಸಿಲ್ಲ."

ಎಳ್ಳುಕಾಳುಗಳ ನಡುವಿನಿಂದ ಅವಳು ಹೆಕ್ಕಿ ತೆಗೆದ ಟ್ಯಾಬ್‌ನಲ್ಲಿ ದಪ್ಪ ಅಕ್ಷರಗಳಿದ್ದವು: 'ನಿಮ್ಮ ಬ್ರೌಸರ್ ಬಹಳ ಹಳೆಯದಾಗಿದೆ. ಈಗಲೇ ಹೊಸದು ಮಾಡಿಕೊಳ್ಳಿ.' ಕೆಳಗೆ ಒಂದು ಹಸಿರು ಬಟನ್. ಬ್ರೌಸರಿನ ಲಾಂಛನ, ಬಣ್ಣ, ಎಲ್ಲವೂ ಅಚ್ಚುಕಟ್ಟು.

"ಅಸಲಿ ಥರಾನೇ ಇದೆಯಲ್ಲ," ಎಂದೆ ನಾನು.

"ರೀ, ನೀವು ಬಾಯಿ ನೋಡದೆ ಬರೀ ತುಟಿಬಣ್ಣ ನೋಡಿ ಹಲ್ಲು ಚೆನ್ನಾಗಿದೆ ಅಂತೀರಾ? ಮೇಲೆ ವಿಳಾಸ ಇದೆ ನೋಡಿ. ಓದಿ."

ಓದಲು ಹೋದೆ. ನಾಲಗೆ ತೊಡರಿತು. ಅಕ್ಷರ, ಅಂಕಿ, ಅಡ್ಡಗೆರೆ ಎಲ್ಲವನ್ನೂ ಒರಳಿಗೆ ಹಾಕಿ ರುಬ್ಬಿದಂತಿತ್ತು.

"ಪುಟ ಯಾವ ವೇಷ ಬೇಕಾದ್ರೂ ಹಾಕುತ್ತೆ. ವಿಳಾಸ ನಿಧಾನವಾಗಿ ಓದಿದ್ರೆ ಬಣ್ಣ ಬಯಲಾಗುತ್ತೆ," ಎಂದಳು. "ಬ್ರೌಸರಿಗೆ ಅಪ್‌ಡೇಟ್ ಬೇಕಾದ್ರೆ ಅದು ತನ್ನ ಮೆನುವಿನಲ್ಲೇ ಹೇಳುತ್ತೆ. ದಾರೀಲಿ ಹೋಗೋ ಪುಟ ಬಂದು ನಿಮ್ಮ ಬ್ರೌಸರಿನ ಆರೋಗ್ಯ ವಿಚಾರಿಸೋದಿಲ್ಲ."

ಆಮೇಲೆ ಮೆನು ತೆರೆದು ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋದಳು. ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿಗೆ ನಾವು ಅಂಟಿಸಿಕೊಳ್ಳುವ ಚಿಕ್ಕಪುಟ್ಟ ಸಹಾಯಕರು. ತಾತನ ಬ್ರೌಸರಿನಲ್ಲಿ ಒಂದು ಪದಕೋಶವಿತ್ತು. ಅದರ ಪಕ್ಕದಲ್ಲಿ 'ವೇಗದ ಗೆಳೆಯ' ಎಂಬ ಇನ್ನೊಂದು, ನಗುಮುಖದ ಚಿತ್ರದೊಂದಿಗೆ.

ಆ ನಗುಮುಖಕ್ಕೆ ಹಲ್ಲು ಲೆಕ್ಕಕ್ಕಿಂತ ಜಾಸ್ತಿಯಿದ್ದವು. ನನಗೆ ಅಲ್ಲೇ ಅನುಮಾನ ಬಂತು.

"ಇವನನ್ನ ಯಾರು ಒಳಗೆ ಕರೆದ್ರು?" ಎಂದಳು ಹೆಂಡತಿ. ಮೂವರೂ ಗೊತ್ತಿಲ್ಲವೆಂದು ತಲೆಯಾಡಿಸಿದರು. "ಇವನಿಗೆ ಕೊಟ್ಟಿರೋ ಅಧಿಕಾರ ನೋಡಿ: 'ನೀವು ತೆರೆಯುವ ಎಲ್ಲ ಪುಟಗಳನ್ನೂ ಓದಬಹುದು, ಬದಲಾಯಿಸಬಹುದು.' ಆ ಹಸಿರು ಬಟನ್ ಒತ್ತಿದಾಗ ಬಂದು ಕೂತಿದ್ದಾನೆ. ತಾತ, ನಿಮ್ಮ ಪಾಸ್‌ವರ್ಡನ್ನ ಯಾರೂ ಯಾರಿಗೂ ಹೇಳಿಲ್ಲ. ನೀವು ಟೈಪ್ ಮಾಡ್ತಾ ಇದ್ರಿ, ಇವನು ಹೆಗಲ ಮೇಲಿಂದ ಓದ್ತಾ ಇದ್ದ. ತೆರೆದಿದ್ದ ಮೇಲ್‌ಬಾಕ್ಸಿನಿಂದ ತಾನೇ ಮೇಲ್ ಕಳಿಸಿದ."

ತಾತ ಭೂತಗಾಜನ್ನು ಹಣೆಗೇರಿಸಿದರು. "ಹಾಗಾದ್ರೆ ಮನೆಯವರು..."

"ತಡೀರಿ. ಇಂಥ ಪುಟ ತೆರೆಯೋ ಮೊದಲು ಬ್ರೌಸರ್ ಸುಮ್ನೆ ಇರಲ್ಲ. ಇಡೀ ಪರದೆ ಕೆಂಪಗೆ ಮಾಡಿ 'ಮುಂದೆ ಹೋಗಬೇಡಿ' ಅನ್ನುತ್ತೆ. ಆ ಕೆಂಪು ಪುಟ ದಾಟಿ ಹೋದವರು ಯಾರು?"

ಗಡಿಯಾರಗಳು ಮಾತ್ರ ತಮ್ಮ ಪಾಡಿಗೆ ಟಿಕ್ ಟಿಕ್ ಎನ್ನುತ್ತಿದ್ದವು.

ಸೊಸೆ ಮೆಲ್ಲಗೆ ಕೈಯೆತ್ತಿದಳು. "ನಾನು."

"ಕೆಂಪು ಪುಟ ನೋಡಿಯೂ?"

"ಅಯ್ಯೋ, ಅದು ದಿನಾ ಬರುತ್ತಲ್ಲ! ಬೆಳಿಗ್ಗೆ ಯಾವ ಪುಟ ತೆಗೆದ್ರೂ ಎಚ್ಚರಿಕೆ, ಎಚ್ಚರಿಕೆ, ಎಚ್ಚರಿಕೆ. ಕೆಲವು ತೆರೆಯೋದೇ ಇಲ್ಲ. ಕೆಲವು 'ಅಪಾಯ ನಿಮ್ಮದು, ಬೇಕಾದ್ರೆ ಹೋಗಿ' ಅನ್ನುತ್ತವೆ. ಮಾವನೇ ಹೇಳಿದ್ರು, ಅದರ ಮಾತಿಗೆ ಕಿವಿಗೊಡಬೇಡ, ಮುಂದಕ್ಕೆ ಒತ್ತು ಅಂತ."

ಹೆಂಡತಿ ತಾತನ ಕಡೆ ತಿರುಗಿದಳು. "ನೀವಾ?"

ತಾತನ ಕೋಪ ನೆತ್ತಿಗೇರಿತು. ಈ ವಾರದಲ್ಲಿ ಅವರ ಮುಖ ರಂಗೇರಿದ್ದು ಅದೇ ಮೊದಲು. "ಮತ್ತಿನ್ನೇನು! ಅದು ಏನಂತ ಬರೆಯುತ್ತೆ ಗೊತ್ತಾ? 'ನಿಮ್ಮ ಗಡಿಯಾರ ತಪ್ಪಾಗಿದೆ' ಅಂತ! ಯಾರಿಗೆ? ನನಗೆ! ಈ ಗೋಡೆ ನೋಡಮ್ಮ. ಊರಿನ ಶಾಲೆ, ಬಸ್ಸು, ಆಸ್ಪತ್ರೆ ಎಲ್ಲ ಈ ಗೋಡೆ ನೋಡಿ ಟೈಮ್ ಇಟ್ಕೊಳ್ಳೋದು. ನಿನ್ನೆ ಮೊನ್ನೆ ಬಂದ ಬ್ರೌಸರು ನನ್ನ ಗಡಿಯಾರ ತಪ್ಪು ಅನ್ನುತ್ತೆ! ತಲೆಕೆಟ್ಟ ಯಂತ್ರ ಅಂತ ಅವತ್ತೇ ತೀರ್ಮಾನ ಮಾಡಿದೆ."

ಹೆಂಡತಿ ತುಟಿ ಕಚ್ಚಿ ನಗು ತಡೆದಳು. ನನಗೆ ತಡೆಯಲಾಗಲಿಲ್ಲ, ಕೆಮ್ಮಿದಂತೆ ನಟಿಸಿದೆ.

"ತಾತ, ಬೇಜಾರು ಮಾಡ್ಕೊಳ್ಳದೆ ಈ ಮೂಲೆ ನೋಡಿ," ಎಂದು ಅವಳು ಪರದೆಯ ಕೆಳಗಿನ ತುದಿಗೆ ಬೆರಳಿಟ್ಟಳು.

ಅಲ್ಲಿ ಪುಟ್ಟ ಅಕ್ಷರದಲ್ಲಿ ದಿನಾಂಕವಿತ್ತು. ಕಂಪ್ಯೂಟರಿನ ಪ್ರಕಾರ ನನಗೂ ನನ್ನ ಹೆಂಡತಿಗೂ ಇನ್ನೂ ಮದುವೆಯೇ ಆಗಿರಲಿಲ್ಲ.

"ಇನ್ನೊಂದು ಸಲ ಯೋಚನೆ ಮಾಡೋಕೆ ಅವಕಾಶ ಇದೆ," ಎಂದೆ.

"ನನಗೂ," ಎಂದಳು ಅವಳು, ತಲೆ ಎತ್ತದೆ.

ಅಷ್ಟೊಂದು ಗಡಿಯಾರಗಳು ಕಣ್ಣೆದುರಿಗೆ ನೇತಾಡುತ್ತಿರುವಾಗ ಕಂಪ್ಯೂಟರಿನ ಮೂಲೆಯಲ್ಲಿ ಯಾರು ಟೈಮ್ ನೋಡುತ್ತಾರೆ? ಊರಿನ ಬೇರೆ ಯಾವ ಅಂಗಡಿಯಲ್ಲಾದರೂ ಒಂದು ದಿನದಲ್ಲಿ ಗೊತ್ತಾಗುತ್ತಿತ್ತು. ಇಲ್ಲಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಪ್ರತಿಯೊಂದು ಒಳ್ಳೆಯ ಪುಟದ ಹತ್ತಿರವೂ ಒಂದು ಗುರುತುಪತ್ರ ಇರುತ್ತೆ. ಅದಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಅಂತ ಅವಧಿ ಇರುತ್ತೆ," ಎಂದು ಹೆಂಡತಿ ಬಿಡಿಸಿ ಹೇಳಿದಳು. "ನಿಮ್ಮ ಕಂಪ್ಯೂಟರ್ ಯಾವುದೋ ಹಳೇ ವರ್ಷದಲ್ಲಿ ಕೂತಿದೆ. ಅದರ ಕಣ್ಣಿಗೆ ಎಲ್ಲರ ಪತ್ರವೂ ಸುಳ್ಳು. ಹಾಗಾಗಿ ಒಳ್ಳೆಯವರನ್ನೂ ಕಂಡು ಕೂಗ್ತಾ ಇತ್ತು. ದಿನಾ ಕೂಗಿದ್ದಕ್ಕೆ ನೀವು ಕಿವಿ ಮುಚ್ಕೊಂಡ್ರಿ. ನಿಜವಾದ ಕಳ್ಳ ಬಂದಾಗಲೂ ಕೂಗಿತು. ಕೇಳೋರು ಇರಲಿಲ್ಲ."

ಅಲಾರಂ ಸುಮ್ಮನಿದ್ದದ್ದು ನನಗೆ ವಿಚಿತ್ರವೆನಿಸಿತು.

"ಕಂಪ್ಯೂಟರ್ ಹಳೇ ವರ್ಷಕ್ಕೆ ಹೋಗಿದ್ದು ಹೇಗೆ? ಅದು ಈಗಿನ ಪ್ರಶ್ನೆ. ಒಂದು ಸ್ಕ್ರೂಡ್ರೈವರ್ ಕೊಡಿ."

ತಾತ ಕೊಟ್ಟರು. ಸೂಜಿಯಷ್ಟಿತ್ತು. ಇನ್ನೊಂದು ಕೊಟ್ಟರು, ಅದು ಸೂಜಿಯ ತಂಗಿಯಂತಿತ್ತು. ಅಂಗಡಿಯಲ್ಲಿ ಸ್ಕ್ರೂಡ್ರೈವರುಗಳ ರಾಶಿಯೇ ಇತ್ತು, ಒಂದರಿಂದಲೂ ಮನುಷ್ಯರು ಬಳಸುವ ಸ್ಕ್ರೂ ಬಿಚ್ಚಲು ಬರುತ್ತಿರಲಿಲ್ಲ. ಕೊನೆಗೆ ಸೊಸೆ ಗೋಪುರದ ಕೆಲಸಕ್ಕೆಂದು ತಂದಿದ್ದ ಪೆಟ್ಟಿಗೆಯಿಂದ ಒಂದನ್ನು ಹೊತ್ತು ತಂದಳು. ಅದರಿಂದ ದೋಣಿಗೆ ಹುಟ್ಟು ಹಾಕಬಹುದಿತ್ತು. ಹೇಗೋ ಕಂಪ್ಯೂಟರಿನ ಪಕ್ಕದ ತಗಡು ಕಳಚಿತು.

ನನ್ನ ಹೆಂಡತಿ ಟಾರ್ಚ್ ಹಿಡಿದಳು. ನಾನು ಇಣುಕಿದೆ. ಬಾಯಿಯೊಳಗೆ ಇಣುಕಿ ಇಣುಕಿ ನನಗೆ ಅದು ರೂಢಿ.

ಹಸಿರು ಹಲಗೆಯ ಮೇಲೆ ಒಂದು ದುಂಡನೆಯ ಗುಳಿ, ಖಾಲಿ.

"ಇಲ್ಲೊಂದು ಹಲ್ಲು ಇರಬೇಕಿತ್ತು," ಎಂದೆ.

"ಹಲ್ಲಲ್ಲ, ಸೆಲ್ಲು. ನಾಣ್ಯದಂಥ ಸೆಲ್ಲು. ಕರೆಂಟ್ ಆಫ್ ಆದಾಗಲೂ ಕಂಪ್ಯೂಟರಿಗೆ ದಿನ, ಗಂಟೆ ನೆನಪಿಡೋಕೆ ಅದು ಬೇಕು. ಅದಿಲ್ಲದೆ ಇದ್ರೆ ರಾತ್ರಿ ಆಫ್ ಮಾಡಿದಾಗಲೆಲ್ಲ ಎಲ್ಲ ಮರೆತು, ಬೆಳಿಗ್ಗೆ ತಾನು ಹುಟ್ಟಿದ ವರ್ಷಕ್ಕೆ ಹೋಗಿ ಕೂತ್ಕೊಳ್ಳುತ್ತೆ."

"ಇದು ತಾನಾಗಿ ಉದುರಿದ್ದಲ್ಲ, ಕಿತ್ತದ್ದು," ಎಂದೆ ನಾನು. ನನ್ನ ವಿದ್ಯೆಗೂ ಒಮ್ಮೊಮ್ಮೆ ಕಾಲ ಬರುತ್ತದೆ. "ಹಿಡಿಕೆ ಬಾಗಿಲ್ಲ, ಅಂಚು ಮುಕ್ಕಾಗಿಲ್ಲ. ಗೊತ್ತಿಲ್ಲದವರು ಕಿತ್ತರೆ ಗಾಯ ಮಾಡ್ತಾರೆ. ಇದು ಪಳಗಿದ ಕೈ, ಚಿಮಟದ ಕೆಲಸ. ಒಂದೇ ಒಂದು ಗೀರು ಇದೆ, ನೋಡು, ಎಡಗಡೆಯಿಂದ ಒಳಕ್ಕೆ. ಬಲಗೈಯಲ್ಲಿ ಚಿಮಟ ಹಿಡಿದ್ರೆ ಗೀರು ಈ ಕಡೆಯಿಂದ ಬೀಳೋಕೆ ಸಾಧ್ಯಾನೇ ಇಲ್ಲ."

ಹೆಂಡತಿ ನನ್ನನ್ನು ನೋಡಿದ ನೋಟವಿದೆಯಲ್ಲ, ಅದಕ್ಕಾಗಿ ನಾನು ಇನ್ನೂ ಹತ್ತು ಊರು ಚೀಲ ಹೊರಬಲ್ಲೆ.

ಎಲ್ಲರ ಕಣ್ಣೂ ಬಲಗಡೆಯ ದೀಪದ ಮೇಲೆ ಹೋಯಿತು.

ಅಲಾರಂ ಉಗುಳು ನುಂಗಿದ ಸದ್ದು ನನಗೆ ಕೇಳಿಸಿತು. ಅವರ ಉಗುಳಿಗೂ ದೊಡ್ಡ ದನಿಯಿದೆ.

"ಏನು ಎಲ್ಲ ನನ್ನೇ ನೋಡ್ತೀರಿ?" ಎಂದರು. "ಊರಲ್ಲಿ ಎಡಗೈಯವನು ನಾನೊಬ್ಬನೇನಾ?"

"ಊರಲ್ಲಿ ಅಲ್ಲ ಚಿಕ್ಕತಾತ, ಈ ಅಂಗಡೀಲಿ," ಎಂದಳು ಹೆಂಡತಿ ಮೃದುವಾಗಿ. ಅವಳು ಮೃದುವಾಗಿ ಮಾತಾಡಿದರೆ ನಾನು ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಮಾಡದೇ ಇದ್ದರೂ. "ಆ ಸೆಲ್ ಈಗ ಎಲ್ಲಿದೆ?"

"ನನಗೇನು ಗೊತ್ತು?"

"ಗೊತ್ತಿಲ್ಲದೆ ಇದ್ರೆ ಬೆವರ್ತಾ ಇರಲಿಲ್ಲ."

"ಸೆಕೆ!"

"ನನಗೆ ಶಾಲು ಹೊದ್ಕೊಬೇಕು ಅನ್ನಿಸ್ತಿದೆ."

ತಾತ ಎದ್ದು ನಿಂತರು. ಒಂದು ವಾರದಲ್ಲಿ ಮೊದಲ ಸಲ ತಮ್ಮನ ಮುಖ ನೋಡಿ ನೇರವಾಗಿ ಮಾತಾಡಿದರು. "ತೆಗೆದದ್ದು ನೀನೇನಾ?"

"ತೆಗೆದೆ!" ಎಂದು ಅಲಾರಂ ಗುಡುಗಿದರು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ಗಕ್ಕನೆ ನಿಂತಿತು. "ಹೌದು, ತೆಗೆದೆ. ಪಿಟೀಲು ಕಲಿಸೋ ಮೇಡಂ ಬಂದಿದ್ರು. ಅವರ ಮಾತಾಡೋ ವಾಚು ನಿಂತುಹೋಗಿತ್ತು. ಕಣ್ಣು ಕಾಣದ ಹೆಂಗಸು. ಗುಂಡಿ ಒತ್ತಿದ್ರೆ ಟೈಮ್ ಹೇಳೋ ಆ ವಾಚೇ ಅವರಿಗೆ ಎಲ್ಲಾ. ಆ ಅಳತೆ ಸೆಲ್ಲು ನಮ್ಮ ಹತ್ತಿರ ಮುಗಿದಿತ್ತು. ನೀನು ಊಟಕ್ಕೆ ಹೋಗಿದ್ದೆ. ನಾಳೆ ಬನ್ನಿ ಅಂತ ಹೇಗೆ ಹೇಳಲಿ? ನಿಂತ ಗಡಿಯಾರ ಹಿಡ್ಕೊಂಡು ಗಿರಾಕಿ ನಮ್ಮ ಮೆಟ್ಟಿಲಿಳೀಬಾರದು ಅಂತ ಕಲಿಸಿದವನು ಯಾರು? ನೀನು!"

"ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕು ಅಂತ ಕಲಿಸಿದ್ನಾ?"

"ಅದರೊಳಗೆ ಒಂದಿದೆ ಅಂತ ಮಾತ್ರ ಗೊತ್ತಿತ್ತು. ಯಾಕಿದೆ ಅಂತ ಗೊತ್ತಿರಲಿಲ್ಲ. ಕಿತ್ತ ಮೇಲೂ ಕಂಪ್ಯೂಟರ್ ಓಡ್ತು. ಮಾರನೇ ದಿನ ಹೊಸದು ಹಾಕೋಣ ಅಂದ್ಕೊಂಡೆ. ಮರೆತೆ. ಅಷ್ಟೇ ಅಣ್ಣಾ."

"ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?" ಅಲಾರಂ ದನಿ ಇದ್ದಕ್ಕಿದ್ದಂತೆ ಇಳಿದುಹೋಯಿತು. ಅವರಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಮೇಲ್ ಹೋದ ದಿನ ಒಂದೇ ಸಲಕ್ಕೆ 'ಕಳ್ಳ ಮನೇಲೇ ಇದ್ದಾನೆ' ಅಂದುಬಿಟ್ಟೆ. ನನ್ನ ಕಡೆ ಬೆನ್ನು ಹಾಕಿ ಕೂತೆ. ನಿನ್ನ ಜೊತೆಗಾರನಿಗೂ ಹೀಗೇ ಮಾಡಿದೆ. ಗೋಪುರದ ಗಡಿಯಾರ ಇಬ್ಬರೂ ಸೇರಿ ನೋಡ್ಕೋತಿದ್ರಿ. ನಿನ್ನ 'ಬುಗುರೀ' ಅಂತ ಕರೆಯೋ ಹಕ್ಕು ಅವನೊಬ್ಬನಿಗೇ ಇತ್ತು. ಒಂದು ಹಲ್ಲಿನಚಕ್ರ ಮುರೀತು ಅಂತ, ಅವನ ಮಾತು ಕೇಳದೆ, ಬಾಗಿಲಾಚೆ ಕಳಿಸಿದೆ. ಅವನೂ ಹೋದ, ಗಡಿಯಾರಾನೂ ನಿಂತಿತು. ಇವತ್ತು ನನ್ನ ಸರದಿ ಅಂದ್ಕೊಂಡೆ."

ಸೊಸೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹಲ್ಲು ಕೀಳುವುದು ನನಗೆ ನೀರು ಕುಡಿದಷ್ಟು ಸುಲಭ. ಅಣ್ಣತಮ್ಮಂದಿರು ಹೀಗೆ ನಿಂತಿರುವುದನ್ನು ನೋಡಲಾಗುವುದಿಲ್ಲ.

ತಾತ ಪರದೆಯ ಮೂಲೆಯ ಆ ಹಳೆಯ ದಿನಾಂಕವನ್ನೇ ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಸೊಸೆ ಗಾಬರಿಯಿಂದ ಓಡಿಬಂದಳು.

ಅಳುತ್ತಿರಲಿಲ್ಲ.

"ಲೋ... ನನ್ನ ಗಡಿಯಾರ ತಪ್ಪಾಗಿದೆ ಅಂತ... ಅದು ನಿಜಾನೇ ಹೇಳ್ತಿತ್ತು ಕಣೋ!" ಎಂದು ತಾತ ಮೇಜು ಕುಟ್ಟಿ ಕುಟ್ಟಿ ನಕ್ಕರು. "ದಿನಾ ಬೆಳಿಗ್ಗೆ ಹೇಳ್ತಿತ್ತು! ನಾನು ದಿನಾ ಅದಕ್ಕೆ ಬೈತಿದ್ದೆ!"

ಅಲಾರಂ ನಕ್ಕರು. ಅದನ್ನು ನಗು ಎನ್ನಬೇಕೋ ಸೈರನ್ ಎನ್ನಬೇಕೋ ತಿಳಿಯದು. ಸೊಸೆ ಕಣ್ಣೀರೊರೆಸುತ್ತಲೇ ನಕ್ಕಳು. ಗಾಜಿನ ಬಟ್ಟಲುಗಳು ಕಿಣಿಕಿಣಿ ಎಂದವು. ತಾತ ಬಾಯಿ ಅಗಲಿಸಿ ನಗುತ್ತಿದ್ದರೂ ನಾನು ಕೂರಿಸಿದ ಹಲ್ಲು ಒಂದಿಷ್ಟೂ ಕದಲಲಿಲ್ಲ. ಅಂಥ ಸಂತೋಷ ನನ್ನ ವೃತ್ತಿಯಲ್ಲಿ ಅಪರೂಪ.

"ತಪ್ಪು ನಂದೂ ಇದೆ ಮಾವ, ಒತ್ತಿದವಳು ನಾನಲ್ವಾ," ಎಂದಳು ಸೊಸೆ.

"ಸುಮ್ನಿರು. ಒತ್ತು ಅಂದವನು ನಾನು." ತಾತ ಡ್ರಾಯರಿನಿಂದ ಹೊಸ ಸೆಲ್ ತೆಗೆದು ತಮ್ಮನ ಅಂಗೈಯಲ್ಲಿಟ್ಟರು. "ಹಾಕು. ನಿನ್ನ ಎಡಗೈಯಲ್ಲೇ ಹಾಕು."

ಅಲಾರಂ ಉಸಿರು ಬಿಗಿಹಿಡಿದು ಸೆಲ್ ಕೂರಿಸಿದರು. ಹೆಂಡತಿ ದಿನಾಂಕ ಸರಿಮಾಡಿದಳು. ಕೆಂಪು ಪುಟಗಳು ಹೇಳಹೆಸರಿಲ್ಲದಂತೆ ಮಾಯವಾದವು. ನನ್ನ ಮದುವೆಯೂ ಮತ್ತೆ ಊರ್ಜಿತವಾಯಿತು.

"ಇನ್ನು ಮೇಲೆ ಕೆಂಪು ಪುಟ ಬಂದ್ರೆ ಏನರ್ಥ?" ಎಂದು ಹೆಂಡತಿ ಮೇಷ್ಟ್ರ ಹಾಗೆ ಕೇಳಿದಳು.

"ನಿಲ್ಲು ಅಂತ," ಎಂದರು ಮೂವರೂ ಒಟ್ಟಿಗೆ.

"ಈಗ ಬ್ರೌಸರಿನ ನಿಜವಾದ ಅಪ್‌ಡೇಟ್ ಮಾಡಬೇಕು. ಅದಕ್ಕೆ ಒಂದು ಸಲ ಮುಚ್ಚಿ ತೆರೀಬೇಕಾಗುತ್ತೆ, ತಾತ."

ತಾತನ ಮುಖ ಮತ್ತೆ ಸಣ್ಣಗಾಯಿತು.

"ಹೆದರಬೇಡಿ. ನಿಮ್ಮ ಎಲ್ಲ ಟ್ಯಾಬ್‌ಗಳನ್ನೂ ಒಂದು ಬುಕ್‌ಮಾರ್ಕ್ ಫೋಲ್ಡರಿಗೆ ಹಾಕಿಡ್ತೀನಿ. ಬೇಕಾದಾಗ ಬೇಕಾದ್ದು ತೆಕ್ಕೊಳ್ಳಿ. ಇದು ಮುಚ್ಚಳ ಹಾಕಿದ ಹಾಗಲ್ಲ, ಗಾಜಿನ ಬಟ್ಟಲು ಮುಚ್ಚಿಟ್ಟ ಹಾಗೆ."

"ಹಾಗಂದ್ರೆ ಸರಿ," ಎಂದರು ತಾತ, 'ಈ ಹುಡುಗಿಗೆ ಕಸುಬು ಗೊತ್ತಿದೆ' ಎನ್ನುವಂತೆ ನನ್ನತ್ತ ತಲೆದೂಗಿ.

ಬ್ರೌಸರ್ ಮುಚ್ಚಿತು, ಹೊಸದಾಗಿ ತೆರೆಯಿತು. ಹೆಂಡತಿ ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋಗಿ ಆ ಹಲ್ಲುಗಿಂಜುವ ವೇಗದ ಗೆಳೆಯನನ್ನು ಕಿತ್ತು ಹಾಕಿದಳು.

ತಾತ ಸೊಂಟಕ್ಕೆ ಸಿಕ್ಕಿಸಿದ್ದ ಗೋಪುರದ ಕೀಲಿಕೈ ತೆಗೆದು ಮೇಜಿನ ಮೇಲೆ ಟಣ್ಣನೆ ಇಟ್ಟರು. ಅಂಗೈಗಿಂತ ಉದ್ದದ ಹಳೆಯ ಕಬ್ಬಿಣ. "ನಾಳೆ ಬೆಳಿಗ್ಗೆ ಗೋಪುರ ಹತ್ತುತ್ತೀನಿ. ದಾರದ ಒಂದು ತುದಿ ನಾನು ಬಿಚ್ಚೋದು, ಇನ್ನೊಂದು ತುದಿ ನನ್ನ ತಮ್ಮ ಬಿಚ್ಚೋದು. ಸೊಸೇ, ಎಲ್ಲರಿಗೂ ಚಹಾ ಮಾಡು!"

ಸೊಸೆ ಒಳಗೆ ಓಡಿದಳು. ಅಲಾರಂ ಖುಷಿಗೆ ಶಿಳ್ಳೆ ಹಾಕತೊಡಗಿದರು. ನಾನು ಕುರ್ಚಿ ಎಳೆದುಕೊಂಡು ಆರಾಮಾಗಿ ಕುಳಿತೆ. ಕೇಸು ಮುಗಿಯಿತೆಂದೇ ಲೆಕ್ಕ.

ಹೆಂಡತಿ ಮಾತ್ರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

"ರೀ," ಎಂದಳು. "ನಾನು ಇವನನ್ನ ಕಿತ್ತು ಹಾಕಿದ್ದು ನೀವೂ ನೋಡಿದ್ರಿ ಅಲ್ವಾ?"

ನೋಡಿದೆ. ವೇಗದ ಗೆಳೆಯ ಮತ್ತೆ ಅಲ್ಲೇ ಕೂತಿದ್ದ, ಅಷ್ಟೂ ಹಲ್ಲು ಕಿಸಿದುಕೊಂಡು.

ಅವಳು ಮತ್ತೆ ಕಿತ್ತಳು. ನಾವು ಉಸಿರು ಹಿಡಿದು ನೋಡುತ್ತಿರುವಾಗಲೇ ಅವನು ಮತ್ತೆ ಬಂದು ಕೂತ.

"ಇದು ಇಲ್ಲಿಂದ ಬರ್ತಾ ಇಲ್ಲ," ಎಂದಳು. ದನಿಯಲ್ಲಿ ತಮಾಷೆ ಇರಲಿಲ್ಲ. "ತಾತ, ಇದೇ ಖಾತೆಯಲ್ಲಿ ನೀವು ಬೇರೆ ಯಾವುದರಲ್ಲಾದ್ರೂ ಬ್ರೌಸರ್ ತೆರೆದಿದ್ದೀರಾ? ಎರಡೂ ಕಡೆ ಒಂದೇ ಖಾತೆ ಇದ್ರೆ, ಅಲ್ಲಿ ಹಾಕಿದ್ದು ಇಲ್ಲೂ ಬರುತ್ತೆ. ಈಗ ತಾನೇ ಯಾರೋ ಆ ಕಡೆ ಕೂತು, ನಾನು ಕಿತ್ತ ಹಾಗೆಲ್ಲ ಮತ್ತೆ ಹಾಕ್ತಿದ್ದಾರೆ."

ಖಾತೆಯ ಸಾಧನಗಳ ಪುಟ ತೆರೆದಳು. ಎರಡು ಹೆಸರಿದ್ದವು. ಅಂಗಡಿ ಕಂಪ್ಯೂಟರ್. ಅದರ ಕೆಳಗೆ ಒಂದು ಲ್ಯಾಪ್‌ಟಾಪ್. ಅದರ ಮುಂದೆ 'ಈಗ ಬಳಕೆಯಲ್ಲಿದೆ' ಎಂದಿತ್ತು.

"ಸಾಧ್ಯಾನೇ ಇಲ್ಲ," ಎಂದರು ತಾತ. "ಆ ಲ್ಯಾಪ್‌ಟಾಪ್ ಗೋಪುರದೊಳಗಿದೆ. ನಕ್ಷೆ ನೋಡೋಕೆ ಮೇಲೆ ತಗೊಂಡು ಹೋಗಿದ್ದೆ. ಗಡಿಯಾರದ ಪಕ್ಕದಲ್ಲೇ ಬಿಟ್ಟು, ಬೀಗ ಹಾಕ್ಕೊಂಡು ಬಂದೆ. ಕೀಲಿಕೈ ಇಲ್ಲೇ ಇದೆಯಲ್ಲ!"

ಎಲ್ಲರೂ ಮೇಜಿನ ಮೇಲಿನ ಕೀಲಿಕೈಯನ್ನು ನೋಡಿದೆವು. ಅಲಾರಂ ಶಿಳ್ಳೆ ನಿಂತಿತು.

ಆಗ ಪರದೆಯ ಬದಿಯಲ್ಲಿ ಒಂದು ಚಿಕ್ಕ ಚೌಕ ಮೂಡಿತು. ಒಂದು ಸಾಧನದಿಂದ ಇನ್ನೊಂದಕ್ಕೆ ಪುಟ ಕಳಿಸುವ ಸೌಲಭ್ಯ ಬ್ರೌಸರಿನಲ್ಲಿದೆ. 'ನಿಮ್ಮ ಲ್ಯಾಪ್‌ಟಾಪಿನಿಂದ ಒಂದು ಪುಟ ಬಂದಿದೆ. ತೆರೆಯಲೇ?' ಎಂದು ಅದು ಕೇಳುತ್ತಿತ್ತು. ಕೆಳಗೆ ಆ ಪುಟದ ತಲೆಬರಹ:

'ಬುಗುರೀ, ಇನ್ನೂ ಸಿಟ್ಟಾ?'

ತಾತನ ಕೈ ತಾನಾಗಿ ಮೌಸಿನ ಕಡೆ ಹೋಯಿತು. ನನ್ನ ಹೆಂಡತಿ ಆ ಕೈಯನ್ನು ಹಿಡಿದುಕೊಂಡಳು.

"ಬೇಡ ತಾತ. ವಿಳಾಸ ನೋಡಿ."

ಅದೇ ವಿಳಾಸ. ಅಕ್ಷರ, ಅಂಕಿ, ಅಡ್ಡಗೆರೆ, ಒರಳಿನಲ್ಲಿ ರುಬ್ಬಿದ್ದು.

"ಇದು ಅವನೇ ಅಮ್ಮಾ, ನನ್ನ ಜೊತೆಗಾರ. ಆ ಹೆಸರಲ್ಲಿ ಬೇರೆ ಯಾರೂ ನನ್ನನ್ನ ಕರೆಯೋದಿಲ್ಲ."

"ನಿಮ್ಮ ಮೇಲ್‌ಗಳಲ್ಲಿ ಎಲ್ಲಾದ್ರೂ ಬರೆದಿದ್ದೀರಾ?"

ತಾತ ತಲೆ ತಗ್ಗಿಸಿದರು. "ಬರೆದಿದ್ದೀನಿ. ಅವನನ್ನ ಹುಡುಕೋಕೆ ಎಷ್ಟೋ ಊರಿನ ಗಡಿಯಾರದವರಿಗೆ ಬರೆದೆ. 'ಬುಗುರಿ ಕಾಯ್ತಿದ್ದಾನೆ ಅಂತ ಹೇಳಿ' ಅಂತ." ಅಲಾರಂ ಅಣ್ಣನನ್ನು ಹೊಸಬರನ್ನು ನೋಡುವಂತೆ ನೋಡಿದರು.

"ಹಾಗಾದ್ರೆ ಆ ಮೇಲ್ ಓದಿದ ಕಳ್ಳನಿಗೂ ಈ ಹೆಸರು ಗೊತ್ತು," ಎಂದಳು ಹೆಂಡತಿ. "ನಿಮ್ಮ ಕೈಯಲ್ಲಿ ಒತ್ತಿಸೋಕೆ ಇದಕ್ಕಿಂತ ಒಳ್ಳೆ ಹೆಸರು ಅವನಿಗೆ ಸಿಗಲ್ಲ. ಕೈ ಹಿಂದೆ ತಗೊಳ್ಳಿ, ತಾತ."

ತಾತ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಗಂಟೆ ಹೊಡೆದವು. ಹೊಡೆದು ಮುಗಿಸಿದವು.

ಗಂಟೆಯ ಸದ್ದು ಮಾತ್ರ ನಿಲ್ಲಲಿಲ್ಲ.

ಅದು ಹೊರಗಿನಿಂದ ಬರುತ್ತಿತ್ತು. ಆಳವಾದ, ತುಂಬಿದ ದನಿ, ನಾನು ಹುಟ್ಟಿದಾಗಿನಿಂದ ಕೇಳಿರದ ದನಿ. ಬೀದಿಯಲ್ಲಿ ಬಾಗಿಲುಗಳು ತೆರೆದುಕೊಂಡವು. ಯಾರೋ ಮಗುವನ್ನು ಹೆಗಲಿಗೇರಿಸಿ ಓಡಿದರು, ಯಾರೋ ಚಪ್ಪಾಳೆ ತಟ್ಟಿದರು, ಯಾರೋ "ತಾತ ಇವತ್ತೇ ಶುರು ಮಾಡಿಬಿಟ್ರು!" ಎಂದು ಕೂಗಿದರು. ಸೊಸೆ ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

"ಅಣ್ಣಾ, ದಾರ ಯಾರು ಬಿಚ್ಚಿದ್ದು?" ಎಂದರು ಅಲಾರಂ, ಪಿಸುಮಾತಿನಲ್ಲಿ. "ಕೀಲಿಕೈ ಇಲ್ಲಿದೆ. ಒಳಗೆ ಹೋಗಿದ್ದು ಹೇಗೆ?"

ತಾತನ ಕಣ್ಣಲ್ಲಿ ನೀರಿತ್ತು, ತುಟಿಯ ಮೇಲೆ ನಗುವಿತ್ತು.

"ಆ ಬೀಗಕ್ಕೆ ಕೀಲಿಕೈ ಎರಡಿತ್ತು ಕಣೋ," ಎಂದರು. "ನನ್ನ ಜೊತೆಗಾರನನ್ನ ಹೊರಗೆ ಕಳಿಸಿದ ದಿನ, ಅವನದನ್ನ ನಾನು ವಾಪಸ್ ಕೇಳಲೇ ಇಲ್ಲ."